ಇಸಿಟಿ ಮತ್ತು ರಕ್ತ-ಮಿದುಳು ತಡೆಗೋಡೆ: ಕಣ್ಣಿಡಬೇಕಾದದ್ದು ಬಿಪಿ ಮೇಲೆ

ಇಸಿಟಿ (ತಲೆಗೆ ಅಲ್ಪ ಕರೆಂಟು ಹಾಯಿಸಿ ಸೆಳವು, ಅಂದರೆ ಫಿಟ್ಸ್, ಬರಿಸುವ ಮನೋರೋಗ ಚಿಕಿತ್ಸೆ) ಕೊಟ್ಟಾಗ ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ಕಾಯುವ ತಡೆಗೋಡೆ ಕರೆಂಟಿನ ಹೊಡೆತಕ್ಕೇ ಒಡೆಯುತ್ತದೆ ಎಂದು ಉತ್ತರಪತ್ರಿಕೆಯಲ್ಲಿ ಬರೆಯುವವರು ಬಹಳ. ಪ್ರಾಣಿ ಪ್ರಯೋಗಗಳು ಬೊಟ್ಟು ಮಾಡುವುದು ಸೆಳವಿನ ಜೊತೆ ಏರುವ ರಕ್ತದೊತ್ತಡದ ಕಡೆಗೆ.

ಮೊದಲು ಗೋಡೆ. ಕ್ಯಾಪಿಲರಿಯ (ಅತಿ ಸಣ್ಣ ರಕ್ತನಾಳದ) ಒಳಪದರವಾದ ಎಂಡೋಥೀಲಿಯಲ್ ಕೋಶಗಳು, ಅವನ್ನು ಹೊಲಿದಂತೆ ಹಿಡಿದಿರುವ ಟೈಟ್ ಜಂಕ್ಷನ್‌ಗಳು (ಕ್ಲಾಡಿನ್-5, ಆಕ್ಲುಡಿನ್ ಎಂಬ ಪ್ರೋಟೀನುಗಳು), ಹೊರಗೆ ಆಸರೆ ಕೋಶಗಳಾದ ಪೆರಿಸೈಟ್, ಆಸ್ಟ್ರೋಸೈಟ್‌ನ ಪಾದಗಳು. ಇಷ್ಟು ನೆನಪಿದ್ದರೆ ಸಾಕು.

ಈಗ ಇಸಿಟಿ ಕೊಡುವ ಆ ಕೆಲವು ನಿಮಿಷ. ಕರೆಂಟು ಕೊಟ್ಟ ಕ್ಷಣ ಹೃದಯದ ಬಡಿತ ತಗ್ಗಿಸುವ ವೇಗಸ್ ನರ ಮೇಲುಗೈ ಪಡೆದು ನಾಡಿ ಇಳಿಯುತ್ತದೆ, ಒಮ್ಮೊಮ್ಮೆ ಕೆಲವು ಸೆಕೆಂಡು ನಿಂತೇ ಹೋಗುತ್ತದೆ. ಸೆಳವು ಶುರುವಾದ ಮೇಲೆ ಸಿಂಪಥೆಟಿಕ್ (ದೇಹವನ್ನು ತುರ್ತಿಗೆ ಸಜ್ಜುಗೊಳಿಸುವ) ನರಗಳ ಅಬ್ಬರ: ನಾಡಿ, ಬಿಪಿ ಎರಡೂ ಜಿಗಿಯುತ್ತವೆ. ಸಾಮಾನ್ಯವಾಗಿ ಬಿಪಿ ಏರಿದರೆ ಮಿದುಳಿನ ಆರ್ಟಿರಿಯೋಲ್‌ಗಳು (ಕಿರು ಅಪಧಮನಿಗಳು) ಬಿಗಿದು ಒಳಗಿನ ಕ್ಯಾಪಿಲರಿಗಳನ್ನು ಕಾಯುತ್ತವೆ. ಸೆಳವಿನಲ್ಲಿ ನರಕೋಶಗಳು ಆಮ್ಲಜನಕಕ್ಕಾಗಿ ಹಾತೊರೆಯುವುದರಿಂದ ಅವೇ ಆರ್ಟಿರಿಯೋಲ್‌ಗಳು ಹಿಗ್ಗಿರುತ್ತವೆ. ಕಾಯುವವನೇ ಬಾಗಿಲು ತೆರೆದಿಟ್ಟ ಹಾಗೆ, ಒತ್ತಡ ನೇರ ಕ್ಯಾಪಿಲರಿಗೆ ಬೀಳುತ್ತದೆ. ಇಲಿಗಳಲ್ಲಿ ಟ್ರೇಸರ್ ಪ್ರೋಟೀನು (ಜಾಡು ಹಿಡಿಯಲು ರಕ್ತಕ್ಕೆ ಸೇರಿಸಿದ್ದು) ಎಂಡೋಥೀಲಿಯಲ್ ಕೋಶದ ಒಳಗಿನ ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಆಚೆ ದಾಟಿದ್ದು ಕಂಡಿದೆ. ಅಂದರೆ ಸಂದು ಬಿರುಕು ಬಿಟ್ಟಿದ್ದಕ್ಕಿಂತ ಚೀಲಗಳ ಸಾಗಾಟ ಹೆಚ್ಚಿದ್ದೇ ಮುಖ್ಯ. ಅದೂ ತಾತ್ಕಾಲಿಕ.

ಹೀಗೆ ಸೋರಿದ್ದೇ ಚಿಕಿತ್ಸೆಯ ನಂತರದ ಮರೆವಿಗೆ ಕಾರಣವೇ? ನಮ್ಮ ನಿಮ್ಹಾನ್ಸ್‌ನ ಚಿತ್ತರಂಜನ್ ಆಂಡ್ರಾಡೆ ಮತ್ತು ಡೆನ್ಮಾರ್ಕಿನ ಸಂಶೋಧಕ ಟಾಮ್ ಬೋಲ್ವಿಗ್ 2014ರಲ್ಲಿ ಈ ಕೊಂಡಿಯನ್ನೇ ಪರಿಶೀಲಿಸಿದರು. ಇದನ್ನು ಊಹೆ ಎಂದೇ ಬರೆಯಿರಿ. ಸಿದ್ಧಾಂತ ಎಂದು ಬರೆದರೆ ಅಂಕ ಹೋದರೂ ಬೇಸರ ಪಡಬೇಡಿ.

ಮನೋವೈದ್ಯಕೀಯ ವಾರ್ಡಿನ ಪೋಸ್ಟಿಂಗ್‌ನಲ್ಲಿ ಬಿಪಿಯ ಈ ಏರಿಕೆಯನ್ನು ಕಣ್ಣಾರೆ ನೋಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವಂತಿಲ್ಲ. ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಸಾಮಾನ್ಯವಾಗಿ ಕೆಜಿಗೆ 0.5ರಿಂದ 1 ಮಿಗ್ರಾಂ. ಅದಕ್ಕೂ ಮುಂಚೆ ಒಂದು ಕಾಲಿಗೆ ಕಫ್ ಕಟ್ಟಿ ಸಿಸ್ಟೋಲಿಕ್‌ಗಿಂತ ಮೇಲೆ ಗಾಳಿ ತುಂಬುತ್ತಾರೆ. ಔಷಧ ತಲುಪದ ಆ ಪಾದ ಅದುರುವುದೇ ಸೆಳವಿನ ಸಾಕ್ಷಿ. ಬಿಪಿ ಅಳೆಯುವ ಕಫ್ ಬೇರೆ, ಅದು ತೋಳಿಗೆ. ಮಾನಿಟರ್ 5 ನಿಮಿಷಕ್ಕೊಮ್ಮೆ ಅಳೆಯುವಂತೆ ಇಟ್ಟರೆ ಏರಿದ ತುದಿ ತಪ್ಪಿಹೋಗುತ್ತದೆ, ನಿಮಿಷಕ್ಕೊಮ್ಮೆ ಇರಲಿ. ಏರಿಕೆ ತಡೆಯಲು ಎಸ್ಮೊಲಾಲ್ ಅಥವಾ ಲ್ಯಾಬೆಟಲಾಲ್ ಬಳಸುತ್ತಾರೆ. ಎಸ್ಮೊಲಾಲ್ ಸೆಳವಿನ ಅವಧಿಯನ್ನೂ ತಗ್ಗಿಸಬಹುದು, ಆದ್ದರಿಂದ ಎಲ್ಲರಿಗೂ ಕಣ್ಣುಮುಚ್ಚಿ ಕೊಡುವ ಔಷಧವಲ್ಲ. ಆಮ್ಲಜನಕ ಕೊಡುವಾಗ ಉಸಿರಾಟ ಸಾಲದೆ ಇಂಗಾಲದ ಡೈಆಕ್ಸೈಡ್ ಏರಿದರೆ ಮಿದುಳಿನ ನಾಳಗಳು ಇನ್ನಷ್ಟು ಹಿಗ್ಗುತ್ತವೆ, ಸೆಳವೂ ಸರಿಯಾಗಿ ಬರುವುದಿಲ್ಲ.

ಇನ್ನು ರಕ್ತಪರೀಕ್ಷೆಗಳು. ನರಕೋಶಕ್ಕೆ ಪೆಟ್ಟಾಗಿದೆಯೇ ಎಂದು ನೋಡುವ ಎನ್‌ಎಸ್‌ಇ (ನರಕೋಶದ ಒಂದು ಕಿಣ್ವ), ಗೋಡೆಯ ಸೋರಿಕೆಗೆ ನೋಡುವ ಎಸ್100ಬಿ (ಆಸ್ಟ್ರೋಸೈಟ್‌ನ ಒಂದು ಪ್ರೋಟೀನು) ಎರಡೂ ಇಸಿಟಿ ನಂತರ ಹೆಚ್ಚಿನ ಅಧ್ಯಯನಗಳಲ್ಲಿ ಏರಿಲ್ಲ. ಏರಿದೆ ಎಂಬ ವರದಿ ಕೈಗೆ ಬಂದರೆ ಮೊದಲು ಸ್ಯಾಂಪಲ್‌ನ ಬಣ್ಣ ನೋಡಿ: ಕೆಂಪು ರಕ್ತಕಣದಲ್ಲೂ ಎನ್‌ಎಸ್‌ಇ ಇದೆ, ಕಣ ಒಡೆದು ಸೀರಂ ಗುಲಾಬಿಯಾಗಿದ್ದರೆ ಆ ಸಂಖ್ಯೆಯನ್ನು ನಂಬುವಂತಿಲ್ಲ. ಎಸ್100ಬಿ ಕೊಬ್ಬಿನ ಕೋಶಗಳಿಂದಲೂ ಬರುತ್ತದೆ.