ಮೊದಲು ನೀರು, ಆಮೇಲೆ ಕಲ್ಲು

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಬ್ಬಿನ ರೈತರಿಗೆ ಪೊಟ್ಯಾಶ್ ಹೊಸದಲ್ಲ. 50 ಕಿಲೊ ಚೀಲ ಬಿಚ್ಚಿದರೆ ಕೆಂಪು ಹರಳು. ಅದರ ಅರ್ಧ ತೂಕ ಪೊಟ್ಯಾಷಿಯಂ, ಉಳಿದದ್ದು ಕ್ಲೋರಿನ್. ಅದೇ ಪೊಟ್ಯಾಷಿಯಂ ನಮ್ಮ ಮೈಯಲ್ಲೂ ಇದೆ. 70 ಕಿಲೊ ತೂಕದ ಆಳಿನಲ್ಲಿ ಸುಮಾರು 140 ಗ್ರಾಂ, ಗೊಬ್ಬರದ ಲೆಕ್ಕಕ್ಕೆ ತಂದರೆ ಒಂದು ಬೊಗಸೆ. ಆ ಬೊಗಸೆಯಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲೂ ಕೋಶಗಳ ನಡುವಿನ ನೀರಿನಲ್ಲೂ ಸೇರಿ ಇರುವುದು ಎರಡು ಮೂರು ಗ್ರಾಂ ಅಷ್ಟೇ, ಅಂದರೆ ಒಂದು ಚಮಚ ಗೊಬ್ಬರ. ಈ ಒಂದು ಚಮಚ ಎರಡಾದರೆ ಹೃದಯ ನಿಂತುಹೋಗಬಹುದು.

ಈಗ ಹೇಳಹೊರಟಿದ್ದು ಭೂಕಂಪದಲ್ಲಿ ಕುಸಿದ ಮನೆಯಡಿ ಸಿಕ್ಕಿಕೊಂಡವರನ್ನು ಉಳಿಸುವ ಮಾತು. ಅದಕ್ಕೂ ಗೊಬ್ಬರದ ಚಮಚಕ್ಕೂ ಏನು ಸಂಬಂಧ? ತೊಡೆಯ ಮೇಲೆ ತೊಲೆ ಬಿದ್ದು ಆರೆಂಟು ತಾಸು ಸಿಕ್ಕಿಕೊಂಡವನು ಮಾತಾಡುತ್ತಿರುತ್ತಾನೆ, ಹೆಸರು ಹೇಳುತ್ತಾನೆ, ನೀರು ಕೇಳುತ್ತಾನೆ. ಹತ್ತು ಜನ ಸೇರಿ ಜೈಕಾರ ಹಾಕಿ ತೊಲೆ ಎತ್ತುತ್ತಾರೆ. ಹೊರಗೆ ಎಳೆದ ಹತ್ತಿಪ್ಪತ್ತು ನಿಮಿಷದಲ್ಲಿ ಅವನು ಸಾಯುತ್ತಾನೆ. ಜನ "ಪಾಪ, ಮಂದಿಯ ಮುಖ ನೋಡುವುದಕ್ಕೇ ಜೀವ ಹಿಡಿದಿದ್ದ" ಅನ್ನುತ್ತಾರೆ. ಹಾಗಲ್ಲ. ಅವನ ಜೀವ ಹಿಡಿದಿದ್ದದ್ದು ಆ ತೊಲೆ.

ವೈದ್ಯಲೋಕಕ್ಕೆ ಇದು ಮನದಟ್ಟಾದದ್ದು ಯುದ್ಧದಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಮಣ್ಣಿನಡಿ ಹೂತುಹೋದ ಸೈನಿಕರ ಮೂತ್ರಪಿಂಡಗಳ ಬಗ್ಗೆ ಜಪಾನಿನ ಸೇಗೊ ಮಿನಾಮಿ 1923ರಲ್ಲಿ ಬರೆದಿದ್ದ. ಯಾರೂ ಅಷ್ಟಾಗಿ ಗಮನಿಸಲಿಲ್ಲ. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ 1941ರಲ್ಲಿ ಬೈವಾಟರ್ಸ್ ಮತ್ತು ಬೀಲ್ ಎಂಬಿಬ್ಬರು ನಾಲ್ಕು ರೋಗಿಗಳ ವಿವರ ಪ್ರಕಟಿಸಿದರು. ಕಟ್ಟಡದಡಿ ಕೈಕಾಲು ಜಜ್ಜಿಸಿಕೊಂಡ ಆ ನಾಲ್ವರೂ ಹೊರಬಂದಾಗ ಚೆನ್ನಾಗಿಯೇ ಕಂಡಿದ್ದರು. ಆಮೇಲೆ ಕಾಲು ಊದಿತು, ಮೂತ್ರ ಕಪ್ಪಾಯಿತು, ನಿಂತಿತು. ಸುಮಾರು ವಾರದೊಳಗೆ ತೀರಿಕೊಂಡರು. ಇದಕ್ಕೆ ಕ್ರಶ್ ಸಿಂಡ್ರೋಮ್ ಎಂಬ ಹೆಸರು ಬಂತು.

ಒಳಗೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಸ್ನಾಯುವಿನ ಪ್ರತಿ ಕೋಶದ ಗೋಡೆಯಲ್ಲೂ ಪಂಪುಗಳಿವೆ. ಮೂರು ಸೋಡಿಯಂ ಕಣ ಹೊರಗೆ ಹಾಕಿ ಎರಡು ಪೊಟ್ಯಾಷಿಯಂ ಒಳಗೆ ಎಳೆದುಕೊಳ್ಳುವುದೇ ಅವುಗಳ ಕೆಲಸ, ಹಗಲೂ ರಾತ್ರಿ. ಭಾರ ಬಿದ್ದಾಗ ರಕ್ತ ಬರುವುದಿಲ್ಲ, ಆಮ್ಲಜನಕವಿಲ್ಲ, ಶಕ್ತಿಯಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋದ ಬಾವಿಯ ಮೋಟಾರಿನಂತೆ ಪಂಪು ನಿಲ್ಲುತ್ತದೆ. ಒತ್ತಡಕ್ಕೆ ಕೋಶದ ಪೊರೆಯೂ ಹಿಗ್ಗಿ ಸೋರುತ್ತದೆ. ಒಳಗಿನ ಪೊಟ್ಯಾಷಿಯಂ ಹೊರಗೆ, ಹೊರಗಿನ ನೀರು ಮತ್ತು ಕ್ಯಾಲ್ಸಿಯಂ ಒಳಗೆ. ಆದರೆ ಈ ಗಲೀಜು ದೇಹಕ್ಕೆ ಹರಡುವುದಿಲ್ಲ. ಕಲ್ಲೇ ಕಾಲುವೆಯ ತೂಬಿನಂತೆ ಮುಚ್ಚಿಕೊಂಡಿದೆ. ಕಲ್ಲೆತ್ತಿದಿರೋ, ತೂಬು ತೆರೆಯಿತು. ಅಥವಾ ಹೀಗೆ ನೋಡಿ: ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮನ ಜಾತ್ರೆಯಲ್ಲಿ ತಡೆಗೋಲಿನ ಹಿಂದೆ ಮಂದಿ ಒತ್ತೊತ್ತಿ ನಿಂತಿರುತ್ತಾರೆ, ಗೋಲು ನಿಧಾನ ಸರಿಸಿದರೆ ಸಾಲು ಹೋಗುತ್ತದೆ, ಒಮ್ಮೆಲೇ ಕಿತ್ತರೆ ತುಳಿದಾಟ. ಒಂದು ಕಿಲೊ ಸ್ನಾಯುವಿನಲ್ಲಿ ಮೂರರಿಂದ ನಾಲ್ಕು ಗ್ರಾಂ ಪೊಟ್ಯಾಷಿಯಂ ಇರುತ್ತದೆ. ಎರಡೂ ತೊಡೆ ಸಿಕ್ಕಿಕೊಂಡಿದ್ದರೆ ಚಮಚದ ಲೆಕ್ಕ ಏನಾಗುತ್ತದೆ, ನೀವೇ ಹಾಕಿ.

ಹೃದಯ ಈ ಮೊದಲ ಹೊಡೆತ ತಡೆದರೆ ಇನ್ನೆರಡು ಕಾದಿವೆ. ರಕ್ತ ಮತ್ತೆ ಹರಿದಾಗ ಹಾಳಾದ ಸ್ನಾಯು ಬಿರುಕುಬಿಟ್ಟ ಎರೆಹೊಲದಂತೆ ನೀರು ಕುಡಿಯುತ್ತದೆ; ಎರಡು ದಿನದಲ್ಲಿ ಹತ್ತು ಲೀಟರಿಗೂ ಹೆಚ್ಚು ನೀರು ಅಲ್ಲಿ ಸೇರಿಕೊಳ್ಳಬಹುದು, ರಕ್ತದೊತ್ತಡ ಕುಸಿಯುತ್ತದೆ. ಎರಡನೆಯದು ಮಯೋಗ್ಲೋಬಿನ್, ಮಾಂಸಕ್ಕೆ ಕೆಂಪು ಬಣ್ಣ ಕೊಡುವ ವಸ್ತು. ಅದು ಮೂತ್ರಪಿಂಡದ ನಳಿಕೆಗಳಲ್ಲಿ ಹೆಪ್ಪುಗಟ್ಟುತ್ತದೆ. ನೀರು ಕಡಿಮೆಯಾದಷ್ಟೂ, ಮೂತ್ರ ಆಮ್ಲೀಯವಾದಷ್ಟೂ ಹೆಚ್ಚು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುವುದು ಇದರಿಂದ.

ಮೂರಕ್ಕೂ ಮದ್ದು ಒಂದೇ: ನೀರು, ಅದೂ ಕಲ್ಲೆತ್ತುವ ಮುಂಚೆ. ಒಂದು ಕೈ ಸಿಕ್ಕರೂ ಸಾಕು, ವೈದ್ಯರೋ ತರಬೇತಾದವರೋ ಅಲ್ಲೇ ಸಲೈನ್ ಹಚ್ಚಬೇಕು. ದೊಡ್ಡವರಿಗೆ ತಾಸಿಗೆ ಒಂದು ಲೀಟರ್, ಮಕ್ಕಳಿಗೆ ತೂಕದ ಕಿಲೊಗೆ 15ರಿಂದ 20 ಮಿಲಿಲೀಟರ್. ಬಿಡಿಸಲು ಎರಡು ತಾಸಿಗಿಂತ ಹೆಚ್ಚು ಹಿಡಿದರೆ ದೊಡ್ಡವರ ಪ್ರಮಾಣ ಅರ್ಧಕ್ಕಿಳಿಸುವುದು ವಾಡಿಕೆ. ಸಾದಾ ಸಲೈನೇ ಆಗಬೇಕು. ರಿಂಗರ್ ಲ್ಯಾಕ್ಟೇಟ್ ಬಾಟಲಿಯಲ್ಲಿ ಪೊಟ್ಯಾಷಿಯಂ ಇದೆ, ಅದು ಬೇಡ. ಸಲೈನ್ ಇಲ್ಲ, ವೈದ್ಯರು ಬರುವುದು ತಡ, ಸಿಕ್ಕವರಿಗೆ ಎಚ್ಚರವಿದೆ, ನುಂಗಬಲ್ಲರು, ಹೊಟ್ಟೆಗೆ ಪೆಟ್ಟಿಲ್ಲ ಎಂದಾದರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಬಹುದು. ನಮ್ಮ ಕಡೆ ಇಲ್ಲೊಂದು ತಪ್ಪು ಆಗಿಯೇ ಆಗುತ್ತದೆ: ಪ್ರೀತಿಯಿಂದ ಎಳನೀರು ಕೊಡುತ್ತಾರೆ, ಬಾಳೆಹಣ್ಣು ತಿನಿಸುತ್ತಾರೆ. ಎರಡರಲ್ಲೂ ತುಂಬಿರುವುದು ಪೊಟ್ಯಾಷಿಯಂ. ಬೇರೆ ಯಾವ ದಿನವಾದರೂ ಅಮೃತ, ಆವತ್ತು ಮಾತ್ರ ಬೇಡ.

ಇದೆಲ್ಲ ಕೇಳಿ ಉಲ್ಟಾ ತಪ್ಪು ಮಾಡಬಾರದು. ಕುಸಿದು ಇನ್ನೂ ತಾಸು ಕಳೆದಿಲ್ಲ, ಬೆಂಕಿ ಹತ್ತಿದೆ, ಉಸಿರು ಕಟ್ಟುತ್ತಿದೆ ಎಂದಾದರೆ ಸಲೈನಿಗೆ ಕಾಯದೆ ಎಳೆಯಿರಿ. ರಕ್ತ ಚಿಮ್ಮುತ್ತಿದ್ದರೆ ಹೊರತು ಕಾಲಿಗೆ ಹಗ್ಗ ಬಿಗಿಯಬೇಡಿ. 1999ರ ಟರ್ಕಿ ಭೂಕಂಪದಲ್ಲಿ ಮೂತ್ರಪಿಂಡ ಕೆಟ್ಟವರು 639 ಮಂದಿ, ಡಯಾಲಿಸಿಸ್ ಬೇಕಾದವರು 477. ಅವರಲ್ಲಿ ಬಹುಪಾಲು ಉಳಿದರು.

ಹಾಗಾದರೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ? 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ, ತೀವ್ರತೆ 6.2. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಹತ್ತಿರ ಹತ್ತಿರ 10 ಸಾವಿರ. ಅಲ್ಲಿ ಈ ಪೊಟ್ಯಾಶ್ ಸಾವಿನ ಮಾತು ಅಷ್ಟು ಏಳಲಿಲ್ಲ, ಕಾರಣ ಭೀಕರ: ಬಹಳ ಮಂದಿ ಆ ಹಂತಕ್ಕೇ ಬರಲಿಲ್ಲ. ಉಮರಗಾದಿಂದ ಅಕ್ಕಲಕೋಟೆ, ಆಳಂದದವರೆಗೂ ಹಳೇ ಊರುಗಳ ಮಾಳಿಗೆ ಮನೆ ನೋಡಿದವರಿಗೆ ಗೊತ್ತು. ತೊಲೆ, ಜಂತಿ, ಹಲಗೆ, ಅದರ ಮೇಲೆ ವರ್ಷ ವರ್ಷ ಸೋರದಂತೆ ಮೆತ್ತಿದ ಮಣ್ಣು. ಅದು ಅರ್ಧ ಮೀಟರ್ ದಪ್ಪವಾದರೆ ಮೂರು ಮೀಟರ್‌ಗೆ ನಾಲ್ಕು ಮೀಟರ್‌ನ ಒಂದು ಖೋಲಿಯ ತಲೆ ಮೇಲೆ ಹತ್ತು ಟನ್, ಒಂದು ಲಾರಿ ಲೋಡು. ಬೇಸಿಗೆಗೆ ತಂಪು, ಒಪ್ಪಿದೆ. ಗೋಡೆ ಎರಡಡಿಗೂ ದಪ್ಪ, ನೋಡಲು ಕೋಟೆ. ಒಳಗೆ ಮಾತ್ರ ಎರಡು ಪದರ ಕಲ್ಲು, ನಡುವೆ ಜಲ್ಲಿ ಮಣ್ಣು. ನೆಲ ಅಲುಗಿದಾಗ ಪದರಗಳು ಪುಸ್ತಕದ ಎರಡು ರಟ್ಟಿನಂತೆ ಬಿಚ್ಚಿಕೊಳ್ಳುತ್ತವೆ. ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಉದ್ದಕ್ಕೆ 1.2 ಮೀಟರಿಗೊಂದರಂತೆ, ಆಚೆಯಿಂದ ಈಚೆಗೆ ತಲುಪುವ ಒಂದೇ ಉದ್ದಗಲ್ಲು ಇಟ್ಟಿದ್ದರೆ, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಓಡಿಸಿದ್ದರೆ ಎಷ್ಟೋ ಗೋಡೆ ನಿಲ್ಲುತ್ತಿದ್ದವು. ಆ ರಾತ್ರಿಗೆ ದೇವರ ಸಿಟ್ಟು, ಗ್ರಹಗತಿ ಹುಡುಕುವವರು ಈ ಉದ್ದಗಲ್ಲು ಹುಡುಕಲಿ.

ಬಿದ್ದ ಮಣ್ಣು ಸಂದು ಬಿಡುವುದಿಲ್ಲ. ಹಿಟ್ಟಿನಂತೆ ಮೂಗು ಬಾಯಿ ತುಂಬುತ್ತದೆ, ಎದೆಯ ಮೇಲೆ ಕೂತು ಪಕ್ಕೆಲುಬು ಏಳಲು ಬಿಡುವುದಿಲ್ಲ. ಸಾವು ನಿಮಿಷಗಳ ಮಾತು. ಆದ್ದರಿಂದ "ಮೇಜಿನಡಿ ಕೂರಿ" ಎಂಬ ಪರದೇಶದ ಸಲಹೆ ಮಾಳಿಗೆ ಮನೆಗೆ ಹೊಂದುವುದಿಲ್ಲ. ನೆಲಮಹಡಿ, ಬಾಗಿಲು ಎರಡು ಹೆಜ್ಜೆ, ಹೊರಗೆ ಬಯಲು ಎಂದಾದರೆ ಓಡುವುದೇ ಸರಿ. ಹೊರಗೆ ಕಲ್ಲುಗೋಡೆಗಳ ಕಿರುಗಲ್ಲಿಯಿದ್ದರೆ ಆ ಓಟವೂ ದಂಡ.

ಈಗ ಊರೂರಲ್ಲೂ ಸ್ಲ್ಯಾಬು. ಗಟ್ಟಿ ಸ್ಲ್ಯಾಬಿನ ಮನೆಯಲ್ಲಿ ಮೇಜಿನಡಿ ತಲೆ ಕಾಯ್ದುಕೊಂಡು ಅದರ ಕಾಲು ಹಿಡಿಯುವುದೇ ಒಳ್ಳೆಯದು. ಮಂಚದ ಪಕ್ಕದಲ್ಲಿ 'ಜೀವದ ತ್ರಿಕೋನ' ಉಳಿಯುತ್ತದೆಂದು ಮೊಬೈಲಿನಲ್ಲಿ ಓಡಾಡುವ ಚಿತ್ರ ನಂಬಬೇಡಿ. ಸಂದು ಎಲ್ಲಿ ಉಳಿಯುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಆದರೆ ಸ್ಲ್ಯಾಬು ಕುಸಿದಾಗ ಎಲ್ಲೋ ಒಂದು ಕಡೆ ಸಂದು ಉಳಿಯುವುದಂತೂ ನಿಜ. ಅಂದರೆ ತಾಸುಗಟ್ಟಲೆ, ದಿನಗಟ್ಟಲೆ ಬದುಕಿರುವವರು ಇರುತ್ತಾರೆ, ಪೊಟ್ಯಾಶಿನ ಲೆಕ್ಕ ಈಗ ನಮ್ಮದೂ ಆಯಿತು. ಒಳಗಿದ್ದವರು ಮೂಗಿಗೆ ಬಟ್ಟೆ ಕಟ್ಟಬೇಕು, ಕಡ್ಡಿ ಗೀರಬಾರದು, ಕೂಗಿ ಕೂಗಿ ಧೂಳು ನುಂಗುವ ಬದಲು ಪೈಪಿಗೋ ಗೋಡೆಗೋ ಕಲ್ಲಿನಿಂದ ಬಡಿಯಬೇಕು. ಸಾಧ್ಯವಿದ್ದರೆ ಬೆರಳು, ಪಾದ ಆಡಿಸುತ್ತಿರಬೇಕು.

1976ರಲ್ಲಿ ಚೀನಾದ ತಾಂಗ್‌ಶಾನ್‌ನಲ್ಲಿ ಅರ್ಧ ತಾಸಿನೊಳಗೆ ತೆಗೆದವರಲ್ಲಿ ನೂರಕ್ಕೆ 99 ಮಂದಿ ಉಳಿದರು, ಮೊದಲ ದಿನ 81, ಎರಡನೇ ದಿನ 34, ಐದನೇ ದಿನ 7. ರಾಷ್ಟ್ರೀಯ ವಿಪತ್ತು ಪಡೆಯ ದಳ ಪುಣೆ ಕಡೆಯಿಂದ ಹೊರಟು ಸೊಲ್ಲಾಪುರ ಮುಟ್ಟಬೇಕೆಂದರೆ ಸುಮಾರು 250 ಕಿಲೋಮೀಟರ್. ಮೊದಲ ತಾಸುಗಳು ಓಣಿಯವರವೇ. ಅವರು ತರಬಾರದ ಮೊದಲ ವಸ್ತು ಜೆಸಿಬಿ; ರಾಶಿಯ ಮೇಲೆ ಹತ್ತಿಸಿದರೆ ಉಳಿದಿರುವ ಸಂದೂ ಮುಚ್ಚುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎಲ್ಲ ಯಂತ್ರ, ಎಲ್ಲ ಬಾಯಿ ನಿಲ್ಲಿಸಿ, ಒಬ್ಬರು ಬಡಿದು ಕರೆದು ಕಿವಿಗೊಡಬೇಕು. ರಕ್ಷಣಾ ತಂಡಗಳಲ್ಲಿ ಒಂದು ಉದ್ದ ಸೀಟಿ ಅಂದರೆ ನಿಶ್ಶಬ್ದ, ಮೂರು ಚಿಕ್ಕ ಸೀಟಿ ಅಂದರೆ ಎಲ್ಲರೂ ಹೊರಗೆ.

ತೊಲೆ ಎತ್ತಲು ಲಾರಿಯ ಜಾಕು ಸಾಕು, ಆದರೆ ಜಾಕನ್ನೇ ನಂಬಬಾರದು. ಜಾರಿದರೆ ಎರಡನೇ ಸಲ ಅದೇ ಕಾಲಿನ ಮೇಲೆ ಬೀಳುತ್ತದೆ. ನಾಲ್ಕಂಗುಲ ಚೌಕದ ಮರದ ತುಂಡುಗಳನ್ನು ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ ಪೇರಿಸುತ್ತ ಹೋಗಬೇಕು. ಒಂದು ಅಂಗುಲ ಎತ್ತಿದರೆ ಒಂದು ಅಂಗುಲ ತುಂಬಬೇಕು, ಬೆಣೆ ಹೊಡೆದು. ಪೇರಿಕೆಯ ಎತ್ತರ ತಳದ ಅಗಲದ ಮೂರು ಪಟ್ಟು ಮೀರಬಾರದು. ಕಾಲು ಹೊರಬಂತು ಎನ್ನುವಾಗ ಅವರ ಮುಂಗೈ ಮೇಲೆ ಪೆನ್ನಿನಲ್ಲಿ ಮೂರು ಸಂಗತಿ ಬರೆಯಿರಿ: ಎಷ್ಟು ಗಂಟೆಯಿಂದ ಸಿಕ್ಕಿಕೊಂಡಿದ್ದರು, ಎಷ್ಟು ಲೀಟರ್ ಸಲೈನ್ ಹೋಯಿತು, ಮೂತ್ರ ಬಂತೇ, ಯಾವ ಬಣ್ಣ. ಆಂಬ್ಯುಲೆನ್ಸಿನಲ್ಲಿ ಜೊತೆಗೆ ಹೋಗುವವರು ಗಾಬರಿಯಲ್ಲಿ ಇದನ್ನೇ ಮರೆಯುವುದು.