ಹೊರಗೆ ತಿರುಗುವ ಬೆಕ್ಕಿನ ದೇಹದೊಳಗೆ

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕಾಸರಗೋಡಿನ ತೋಟದ ಮನೆಗಳಲ್ಲಿ ಬೆಕ್ಕನ್ನು ಸಾಕುತ್ತಾರೆ ಎನ್ನುವುದಕ್ಕಿಂತ ಇರಗೊಡುತ್ತಾರೆ ಎನ್ನುವುದೇ ಸರಿ. ಅದು ರಾತ್ರಿ ಅಟ್ಟದಲ್ಲಿ ಇಲಿ ಹಿಡಿಯುತ್ತದೆ, ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಹಟ್ಟಿಯ ಬಾಗಿಲಲ್ಲಿ ಕೂರುತ್ತದೆ, ಮಳೆಗಾಲದಲ್ಲಿ ಬಚ್ಚಲೊಲೆಯ ಬೆಚ್ಚನೆಯ ಬೂದಿಯ ಪಕ್ಕ ಮಲಗುತ್ತದೆ. ಕಾಯಿಲೆ ಬಿದ್ದರೆ ಎಲ್ಲೋ ಮರೆಯಾಗುತ್ತದೆ. ತಿರುಗಿ ಬಂದರೆ ಬಂತು, ಇಲ್ಲವಾದರೆ ಇಲ್ಲ. ‘ಹೊರಗೆ ತಿರುಗುವ ಬೆಕ್ಕು, ಅದರ ಪಾಡು ಅದಕ್ಕೆ’ ಎಂದು ಹೇಳುವವರು ನಿರ್ದಯಿಗಳೇನಲ್ಲ, ಆದರೆ ಆ ಪಾಡು ಎಂಥದ್ದು ಎಂಬುದನ್ನು ಅವರು ಹತ್ತಿರದಿಂದ ನೋಡಿರುವುದಿಲ್ಲ. ಒತ್ತಡ, ಪರೋಪಜೀವಿಗಳು ಮತ್ತು ದೀರ್ಘಕಾಲದ ಕಾಯಿಲೆ ಎಂದು ನಾವು ಬೇರೆ ಬೇರೆಯಾಗಿ ಹೆಸರಿಸುವ ಮೂರು ಸಂಗತಿಗಳು ಬೆಕ್ಕಿನ ದೇಹದಲ್ಲಿ ಒಂದನ್ನೊಂದು ಬೆಳೆಸುತ್ತವೆ. ಚಿಗಟ ರಕ್ತ ಹೀರಿ ಸೊರಗಿಸಿದ ದೇಹದಲ್ಲಿ ಸೋಂಕು ಸುಲಭವಾಗಿ ನೆಲೆಸುತ್ತದೆ, ಸದಾ ಹೆದರಿಕೊಂಡಿರುವ ದೇಹದಲ್ಲಿ ಅಡಗಿದ್ದ ವೈರಸ್ ಎದ್ದು ಬರುತ್ತದೆ, ಮೂತ್ರಪಿಂಡ ಸೋತ ಬೆಕ್ಕು ತನ್ನ ಜಾಗವನ್ನು ಕಾಯ್ದುಕೊಳ್ಳಲಾರದೆ ಮತ್ತಷ್ಟು ಹೆದರುತ್ತದೆ. ಹೀಗಿರುವಾಗ ಒಂದಕ್ಕೆ ಮದ್ದು ಮಾಡಿ ಉಳಿದೆರಡನ್ನು ಬಿಟ್ಟರೆ ಆ ಒಂದೂ ಹತೋಟಿಗೆ ಬರುವುದಿಲ್ಲ.

ಮೊದಲು ಊಟದ ಮಾತು, ಏಕೆಂದರೆ ಉಳಿದದ್ದರಲ್ಲಿ ಬಹುಪಾಲು ಅಲ್ಲಿಂದಲೇ ಹೊರಡುತ್ತದೆ. ಸಸ್ಯಾಹಾರಿಗಳ ಮನೆಯಲ್ಲಿ ಬೆಕ್ಕಿಗೆ ಸಿಗುವುದು ಹಾಲನ್ನ ಅಥವಾ ಮಜ್ಜಿಗೆಯನ್ನ. ಆದರೆ ಬೆಕ್ಕು ಮಾಂಸವಿಲ್ಲದೆ ಬಾಳಲಾರದ ಪ್ರಾಣಿ. ಟಾರಿನ್ ಎಂಬ ಅಮೈನೋ ಆಮ್ಲವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಪಿತ್ತರಸದ ತಯಾರಿಗೆ ಅದು ಟಾರಿನನ್ನೇ ಬಳಸುವುದರಿಂದ ಇದ್ದದ್ದೂ ದಿನದಿನವೂ ಖರ್ಚಾಗುತ್ತಿರುತ್ತದೆ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ ಎಂಬುದು 1970ರ ದಶಕದಲ್ಲಿ ತಿಳಿಯಿತು. ಅದೇ ಕೊರತೆಯಿಂದ ಹೃದಯದ ಸ್ನಾಯು ಹಿಗ್ಗಿ ಸೋಲುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯ ಸಂಶೋಧಕರು 1987ರಲ್ಲಿ ಪ್ರಕಟಿಸಿದರು. ಟಾರಿನ್ ಇರುವುದು ಪ್ರಾಣಿಗಳ ಮಾಂಸಖಂಡದಲ್ಲಿ, ಅದರಲ್ಲೂ ಹೃದಯದಲ್ಲಿ. ಅನ್ನದಲ್ಲಿ ಅದಿಲ್ಲ, ಹಾಲಿನಲ್ಲಿರುವುದು ತೀರ ಅಲ್ಪ. ನಮ್ಮ ಬಟ್ಟಲಿನ ಅನ್ನದಿಂದಲೇ ಬದುಕುತ್ತಿದೆ ಎಂದು ತಿಳಿದುಕೊಂಡ ಬೆಕ್ಕು ನಿಜವಾಗಿ ಇಲಿ, ಹಲ್ಲಿ, ಓತಿ, ಮಿಡತೆಗಳಿಂದ ಬದುಕುತ್ತಿರುತ್ತದೆ. ಮೀನು ತಿನ್ನುವ ಮನೆಯ ಬೆಕ್ಕಿನ ಸ್ಥಿತಿ ಈ ವಿಷಯದಲ್ಲಿ ಮೇಲು, ಆದರೂ ಅಲ್ಲಿ ಎರಡು ಎಚ್ಚರ ಬೇಕು. ಕೆಲವು ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿರುವುದರಿಂದ ಬೂತಾಯಿ, ಬಂಗುಡೆಗಳ ತಲೆಯನ್ನು ಬೇಯಿಸಿಯೇ ಹಾಕಬೇಕು. ಬೇಯಿಸುವಾಗ ಟಾರಿನ್ ನೀರಿಗೆ ಇಳಿಯುವುದರಿಂದ ಆ ನೀರನ್ನು ಚೆಲ್ಲದೆ ಅನ್ನಕ್ಕೆ ಕಲಸಬೇಕು.

ಪೌಷ್ಟಿಕಾಂಶ ಬರುವ ದಾರಿಯಲ್ಲೇ ಹುಳುಗಳೂ ಬರುತ್ತವೆ. ಇಲಿಯ ಪಿತ್ತಜನಕಾಂಗದಲ್ಲಿ ಎಳೆಯ ರೂಪದಲ್ಲಿರುವ ಒಂದು ಬಗೆಯ ಲಾಡಿಹುಳು ಬೆಕ್ಕಿನ ಕರುಳಿನಲ್ಲಿ ಬಲಿಯುತ್ತದೆ. ಜಂತುಹುಳು ಮರಿಗೆ ತಾಯಿಯ ಹಾಲಿನಿಂದ, ದೊಡ್ಡ ಬೆಕ್ಕಿಗೆ ಇಲಿಯ ಮಾಂಸದಿಂದ ದಾಟುತ್ತದೆ. ಕೊಕ್ಕೆಹುಳು ತೇವದ ಮಣ್ಣಿನಿಂದ ಚರ್ಮದ ಮೂಲಕವೂ ಒಳಸೇರಬಲ್ಲದು. ಅದು ರಕ್ತ ಹೀರುವುದರಿಂದ ಒಸಡು ಬಿಳಿಚಿಕೊಳ್ಳುತ್ತದೆ. ನಮ್ಮಂಥ ಮಳೆನಾಡಿನವರಿಗೆ ಮುಖ್ಯವಾದ ಇನ್ನೆರಡು ಹುಳುಗಳ ಹೆಸರನ್ನು ಸಾಮಾನ್ಯವಾಗಿ ಯಾರೂ ಕೇಳಿರುವುದಿಲ್ಲ. ಒಂದು, ಬಸವನಹುಳು ಮತ್ತು ಗೊಂಡೆಹುಳುಗಳಲ್ಲಿ ಬೆಳೆದು, ಅವುಗಳನ್ನು ತಿಂದ ಇಲಿ, ಹಕ್ಕಿ, ಹಲ್ಲಿಗಳ ಮೂಲಕ ಬೆಕ್ಕಿನ ಶ್ವಾಸಕೋಶ ಸೇರುವ ಏಲುರೋಸ್ಟ್ರಾಂಜಿಲಸ್. ಇನ್ನೊಂದು, ಬಿಸಿ ತೇವದ ನಾಡುಗಳಲ್ಲಿ ಬಸವನಹುಳುವಿನಿಂದ ನೆಲದ ಸಣ್ಣ ಕೀಟಗಳಿಗೆ, ಅಲ್ಲಿಂದ ಹಲ್ಲಿ ಓತಿಗಳಿಗೆ ದಾಟಿ, ಕೊನೆಗೆ ಬೆಕ್ಕಿನ ಪಿತ್ತನಾಳದಲ್ಲಿ ವರ್ಷಗಟ್ಟಲೆ ನೆಲೆಸುವ ಪ್ಲಾಟಿನೋಸೋಮಮ್ ಎಂಬ ಚಪ್ಪಟೆ ಹುಳು. ಇದು ಹೆಚ್ಚಿದಾಗ ಪಿತ್ತನಾಳ ದಪ್ಪಗಾಗಿ ಕಟ್ಟಿಕೊಳ್ಳುತ್ತದೆ, ಬೆಕ್ಕು ಊಟ ಬಿಟ್ಟು ಸೊರಗುತ್ತದೆ, ಕಿವಿಯ ಒಳಮೈ ಮತ್ತು ಒಸಡು ಹಳದಿಯಾಗುತ್ತವೆ. ಔಷಧದಂಗಡಿಯಲ್ಲಿ ಸಿಗುವ ‘ಹುಳದ ಮಾತ್ರೆ’ ಒಂದನ್ನು ನುಂಗಿಸಿದರೆ ಎಲ್ಲ ಹುಳುಗಳೂ ಸಾಯುತ್ತವೆ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪೈರಾಂಟೆಲ್ ಜಂತುಹುಳು ಕೊಕ್ಕೆಹುಳುಗಳಿಗೆ, ಪ್ರಾಜಿಕ್ವಾಂಟೆಲ್ ಲಾಡಿಹುಳುವಿಗೆ, ಶ್ವಾಸಕೋಶದ ಹುಳುವಿಗೆ ಬೇರೆ ಮದ್ದು. ಪಿತ್ತನಾಳದ ಹುಳುವಿಗೆ ಪ್ರಾಜಿಕ್ವಾಂಟೆಲನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಡಬೇಕಾಗುತ್ತದೆ, ಅದನ್ನು ಪಶುವೈದ್ಯರೇ ತೂಕ ನೋಡಿ ನಿಶ್ಚಯಿಸಬೇಕು. ಬೇಟೆಯಾಡುವ ಬೆಕ್ಕಿಗೆ ವರ್ಷಕ್ಕೆ ಕನಿಷ್ಠ 4 ಬಾರಿ ಹುಳದ ಮದ್ದು ಬೇಕು ಎಂಬುದು ತಜ್ಞರ ಸಾಮಾನ್ಯ ಸಲಹೆ. ಹೊಟ್ಟೆ ತುಂಬ ಪ್ರಾಣಿಜನ್ಯ ಆಹಾರ ಸಿಕ್ಕಿದ ಬೆಕ್ಕು ಬೇಟೆಯನ್ನು ಬಿಡುವುದಿಲ್ಲವಾದರೂ ಕಡಿಮೆ ಮಾಡುತ್ತದೆ, ಆದ್ದರಿಂದ ಒಳ್ಳೆಯ ಊಟವೂ ಹುಳುಗಳ ವಿರುದ್ಧದ ಕ್ರಮವೇ ಆಗಿದೆ.

ಬೆಕ್ಕಿನಿಂದ ಮನುಷ್ಯರಿಗೆ ಬರುವ ಟಾಕ್ಸೋಪ್ಲಾಸ್ಮಾ ಬಗ್ಗೆ ಭಯ ಹೆಚ್ಚು, ತಿಳಿವಳಿಕೆ ಕಡಿಮೆ. ಈ ಏಕಕೋಶ ಜೀವಿ ಬೆಕ್ಕಿನ ಕರುಳಿನಲ್ಲಿ ತನ್ನ ಜೀವನಚಕ್ರ ಪೂರೈಸುತ್ತದೆ ಎಂಬುದು 1970ರ ಹೊತ್ತಿಗೆ ಖಚಿತವಾಯಿತು; ಆ ಶೋಧದಲ್ಲಿ ಭಾರತ ಮೂಲದ ಪಶುವೈದ್ಯ ವಿಜ್ಞಾನಿ ಜೆ. ಪಿ. ದುಬೆ ಅವರ ಪಾಲು ದೊಡ್ಡದು. ಸಾಮಾನ್ಯವಾಗಿ ಬೆಕ್ಕು ಮೊದಲ ಸೋಂಕಿನ ಬಳಿಕ ಒಂದರಿಂದ ಮೂರು ವಾರ ಮಾತ್ರ ಇದರ ಮೊಟ್ಟೆಯಂಥ ಕಣಗಳನ್ನು ಮಲದಲ್ಲಿ ಬಿಡುತ್ತದೆ, ಆ ಕಣಗಳು ಸೋಂಕು ಹರಡುವಷ್ಟು ಬಲಿಯಲು ಕನಿಷ್ಠ ಒಂದು ದಿನ ಬೇಕು. ಆದುದರಿಂದ ಗರ್ಭಿಣಿಯರಿರುವ ಮನೆಯಲ್ಲಿ ಬೆಕ್ಕನ್ನು ಓಡಿಸಬೇಕಾಗಿಲ್ಲ. ಅವರು ಬೆಕ್ಕಿನ ಹೇಲು ಬಳಿಯದಿರುವುದು, ತರಕಾರಿ ಸಾಲಿನಲ್ಲಿ ಮಣ್ಣು ಮುಟ್ಟುವಾಗ ಕೈಗವಸು ಹಾಕುವುದು, ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆಯುವುದು, ಮಾಂಸ ತಿನ್ನುವವರಾದರೆ ಪೂರ್ತಿ ಬೇಯಿಸಿ ತಿನ್ನುವುದು ಮುಖ್ಯ.

ಚಿಗಟದ ವಿಷಯದಲ್ಲಿ ಕೊಂಚ ನಿಲ್ಲಬೇಕು, ಏಕೆಂದರೆ ಇಲ್ಲಿ ಹೆಚ್ಚಿನವರು ಬೆಕ್ಕಿನ ಮೈಯೊಂದಿಗೆ ಮಾತ್ರ ಯುದ್ಧ ಮಾಡುತ್ತಾರೆ. ನಮ್ಮ ಕಣ್ಣಿಗೆ ಬೀಳುವ ಬಲಿತ ಚಿಗಟಗಳು ಒಟ್ಟು ಸಂಖ್ಯೆಯ ನೂರಕ್ಕೆ ಐದರಷ್ಟು ಎಂಬುದು ವಿಜ್ಞಾನಿಗಳ ಸಾಮಾನ್ಯ ಅಂದಾಜು. ಮಿಕ್ಕವೆಲ್ಲ ಮೊಟ್ಟೆ, ಮರಿಹುಳು ಮತ್ತು ಗೂಡಿನ ರೂಪದಲ್ಲಿ ನೆಲದ ಬಿರುಕಿನಲ್ಲಿ, ಗೋಣಿಯ ನೂಲಿನಲ್ಲಿ, ಅಟ್ಟದ ಧೂಳಿನಲ್ಲಿರುತ್ತವೆ. ಮೊಟ್ಟೆ ಬೆಕ್ಕಿನ ಕೂದಲಿಗೆ ಅಂಟಿಕೊಳ್ಳದೆ ಅದು ಮಲಗಿದಲ್ಲೆಲ್ಲ ಉದುರುತ್ತದೆ. ಮರಿಹುಳು ಬಲಿತ ಚಿಗಟದ ಹಿಕ್ಕೆಯನ್ನು, ಅಂದರೆ ಒಣಗಿದ ರಕ್ತವನ್ನು ತಿಂದು ಬೆಳೆಯುತ್ತದೆ. ಗೂಡಿನೊಳಗಿನ ಚಿಗಟ ಬಿಸಿ, ಅದುರಾಟ ಮತ್ತು ಉಸಿರಿನ ಸುಳಿವು ಸಿಗುವವರೆಗೆ ತಿಂಗಳುಗಟ್ಟಲೆ ಕಾಯಬಲ್ಲದು. ದೈವದ ನೇಮಕ್ಕೆಂದು ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ತರವಾಡು ಮನೆಯೊಳಗೆ, ಅಂದರೆ ಕುಟುಂಬದ ಮೂಲಮನೆಯೊಳಗೆ, ಕಾಲಿಟ್ಟ ಕೂಡಲೇ ಕಾಲಿಗೆ ಚಿಗಟ ಮುತ್ತುವುದು ಈ ಕಾರಣದಿಂದ. ಮರಿಹುಳುವಿಗೆ ಒಣಹವೆಯೂ ಬಿಸಿಲೂ ಆಗದು. ಬೆಕ್ಕು ಮಲಗುವ ಗೋಣಿ, ಹಳೆಬಟ್ಟೆಗಳನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಅಂಗಳದ ಬಿಸಿಲಿಗೆ ಹರವುವುದು, ಮೂಲೆಯ ಧೂಳನ್ನು ಗುಡಿಸಿ ಒಲೆಗೆ ಹಾಕುವುದು ನಿಜವಾಗಿಯೂ ಫಲ ಕೊಡುವ ಕೆಲಸಗಳು. ಮಳೆಗಾಲದಲ್ಲಿ ಬಿಸಿಲಿಲ್ಲದ್ದರಿಂದಲೇ ಚಿಗಟ ಮೇಲುಗೈ ಪಡೆಯುತ್ತದೆ, ಆದ್ದರಿಂದ ಮೇ ತಿಂಗಳ ಬಿಸಿಲಿರುವಾಗಲೇ ಈ ಕೆಲಸ ಮುಗಿದಿರಬೇಕು. ಬೆಕ್ಕು ಮೈ ನೆಕ್ಕುವಾಗ ನುಂಗಿದ ಚಿಗಟದಿಂದ ಇನ್ನೊಂದು ಲಾಡಿಹುಳು ಬರುತ್ತದೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂತೆ ಕಾಣುವ ತುಂಡುಗಳು ಅದರವು. ಚಿಗಟವನ್ನು ಬಿಟ್ಟು ಹುಳುವಿಗೆ ಮಾತ್ರ ಮದ್ದು ಕೊಟ್ಟರೆ ಕೆಲವೇ ವಾರಗಳಲ್ಲಿ ಅದು ಮರಳುತ್ತದೆ.

ಮೈಗೆ ಹಚ್ಚುವ ಮದ್ದಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ದನದ ಉಣುಗಿಗೆಂದು ಹಟ್ಟಿಯಲ್ಲಿ ಇಟ್ಟಿರುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಮದ್ದುಗಳನ್ನಾಗಲಿ, ನಾಯಿಗೆಂದು ಮಾರುವ ಪರ್‌ಮೆಥ್ರಿನ್ ಇರುವ ಮದ್ದನ್ನಾಗಲಿ ಬೆಕ್ಕಿಗೆ ಹಚ್ಚಬಾರದು. ನಡುಕ, ಸೆಳವು ಬಂದು ಅದು ಸಾಯಬಹುದು. ಹಲವು ರಾಸಾಯನಿಕಗಳನ್ನು ಗ್ಲುಕ್ಯುರೋನಿಕ್ ಆಮ್ಲಕ್ಕೆ ಜೋಡಿಸಿ ದೇಹದಿಂದ ಹೊರಹಾಕುವ ಕಿಣ್ವದ ಒಂದು ಜೀನ್ ಬೆಕ್ಕಿನ ಕುಲದಲ್ಲಿ ಬಹಳ ಹಿಂದೆಯೇ ಕೆಲಸ ನಿಲ್ಲಿಸಿದೆ. ಗಿಡಗಳನ್ನು ತಿನ್ನದ ಪ್ರಾಣಿಗೆ ಗಿಡಗಳ ವಿಷವನ್ನು ಕಳೆಯುವ ಅಗತ್ಯವೇ ಬೀಳದಿದ್ದುದು ಇದಕ್ಕೆ ಕಾರಣವಿರಬಹುದು ಎಂಬುದು ವಿಜ್ಞಾನಿಗಳ ವಿವರಣೆ. ಈ ಕೊರತೆಯಿಂದಲೇ ಜ್ವರಕ್ಕೆಂದು ನಾವು ನುಂಗುವ 500 ಮಿಲಿಗ್ರಾಮಿನ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು: ರಕ್ತ ಆಮ್ಲಜನಕ ಒಯ್ಯಲಾರದೆ ಒಸಡು ಕಂದಾಗುತ್ತದೆ, ಮುಖ ಊದಿಕೊಳ್ಳುತ್ತದೆ. ಫಿನಾಯಿಲ್ ಹಾಕಿ ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕುವುದೂ ಅಪಾಯ. ಬೆಕ್ಕಿಗೆಂದೇ ತಯಾರಾದ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಹನಿಗಳು ಕತ್ತಿನ ಹಿಂಭಾಗಕ್ಕೆ ಹಾಕುವಂಥವು. ಅವುಗಳ ಬೆಲೆ ತುಸು ಹೆಚ್ಚಾದರೂ ಈ ಖರ್ಚಿನಲ್ಲಿ ಉಳಿತಾಯ ಮಾಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಇನ್ನು ಒತ್ತಡ. ಬೆಕ್ಕು ಒಂಟಿಯಾಗಿ ಬೇಟೆಯಾಡುವ ಕಾಡುಬೆಕ್ಕಿನ ವಂಶದ್ದು. ತನ್ನ ವಾಸನೆ ಇರುವ ಪರಿಚಿತ ದಾರಿಗಳೂ ತಾನೇ ಆರಿಸಿದ ಅಡಗುತಾಣವೂ ಅದರ ನೆಮ್ಮದಿಯ ಆಧಾರ. ಆಟಿ ತಿಂಗಳ ಮಳೆಯಲ್ಲಿ ತೋಟದಲ್ಲಿ ಹರಡಿಕೊಂಡಿದ್ದ ಬೆಕ್ಕುಗಳೆಲ್ಲ ಒಂದೇ ಜಗಲಿಗೆ ಬಂದು ಸೇರುತ್ತವೆ. ನೇಮ, ಉತ್ಸವಗಳಲ್ಲಿ ಕದಿನ ಎಂಬ ಸಿಡಿಮದ್ದು ಸಿಡಿಯುತ್ತದೆ. ಮದುವೆಯ ಚಪ್ಪರ ಏಳುತ್ತದೆ, ಹೊಸ ನಾಯಿ ಬರುತ್ತದೆ. ಆಗ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಏರಿ ರೋಗನಿರೋಧಕ ಶಕ್ತಿ ತಗ್ಗುತ್ತದೆ. ಮರಿಯಾಗಿದ್ದಾಗ ಶೀತ ತಂದ ಹರ್ಪಿಸ್ ವೈರಸ್ ಬಹುಪಾಲು ಬೆಕ್ಕುಗಳ ಮುಖದ ನರದ ಗಂಟಿನಲ್ಲಿ ಜೀವನಪರ್ಯಂತ ಅಡಗಿರುತ್ತದೆ; ಒತ್ತಡವಾದ ಸುಮಾರು ಒಂದು ವಾರದ ಬಳಿಕ ಅದು ಎದ್ದು ಕಣ್ಣು ಮೂಗಿನಲ್ಲಿ ನೀರು, ಸೀನು ತರುತ್ತದೆ. ಈ ವಾರದ ಅಂತರದಿಂದಾಗಿ ಕಾರಣ ನಮಗೆ ಹೊಳೆಯುವುದಿಲ್ಲ: ಸೀನು ಕಂಡ ದಿನದ ಚಳಿಯನ್ನು ದೂರುತ್ತೇವೆ, ಕಳೆದ ವಾರದ ಗದ್ದಲವನ್ನು ಮರೆತಿರುತ್ತೇವೆ. ಒತ್ತಡದಿಂದ ಮೂತ್ರಕೋಶ ಉರಿಯುವುದೂ ಉಂಟು. ಗಂಡು ಬೆಕ್ಕಿನ ಮೂತ್ರನಾಳ ಕಿರಿದಾದ್ದರಿಂದ ಅದು ಕಟ್ಟಿಕೊಳ್ಳಬಹುದು. ಮತ್ತೆ ಮತ್ತೆ ಕುಳಿತು ಮುಕ್ಕುರಿದರೂ ಮೂತ್ರ ಬಾರದಿದ್ದರೆ ಬೆಳಗಾಗುವವರೆಗೆ ಕಾಯಬಾರದು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನಗಳಲ್ಲೇ ಹೃದಯ ನಿಲ್ಲಬಹುದು. ತೋಟದ ಬೆಕ್ಕು ಎಲ್ಲೋ ಮರೆಯಲ್ಲಿ ಕೂರುವುದರಿಂದ ಇದು ಕಾಣುವುದೇ ಇಲ್ಲ, ಆದ್ದರಿಂದ ಮಳೆಗಾಲದಲ್ಲಿ ಜಗಲಿಯ ಮೂಲೆಯಲ್ಲಿ ಮರಳು ತುಂಬಿದ ಅಗಲ ಪಾತ್ರೆಯೊಂದನ್ನು ಇಡುವುದು ಒಳ್ಳೆಯದು.

ಪರಿಹಾರ ದುಬಾರಿಯದಲ್ಲ. ಆಶ್ರಯತಾಣಕ್ಕೆ ಹೊಸದಾಗಿ ಬಂದ ಬೆಕ್ಕುಗಳಿಗೆ ಅಡಗಲು ಪೆಟ್ಟಿಗೆ ಕೊಟ್ಟಾಗ ಅವು ಬೇಗ ಶಾಂತವಾದುದನ್ನು 2014ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದು ದಾಖಲಿಸಿದೆ. ರಟ್ಟಿನ ಪೆಟ್ಟಿಗೆಯನ್ನು ಎತ್ತರದಲ್ಲಿ ಇಟ್ಟರೆ ಸಾಕು. ಬೆಕ್ಕುಗಳು ಹಲವಿದ್ದರೆ ಬಟ್ಟಲುಗಳನ್ನು ಒಂದಕ್ಕೊಂದು ಕಾಣದ ಕಡೆ ಇಡಬೇಕು. ಗಂಡಿಗೂ ಹೆಣ್ಣಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಲೆದಾಟ ಮತ್ತು ಕಾದಾಟ ಗಣನೀಯವಾಗಿ ಇಳಿಯುತ್ತವೆ. 1986ರಲ್ಲಿ ಪತ್ತೆಯಾದ, ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ವೈರಸ್ ಮುಖ್ಯವಾಗಿ ಕಾದಾಟದ ಕಡಿತದಿಂದಲೇ ಹರಡುತ್ತದೆ. ಅದು ಮನುಷ್ಯರಿಗೆ ಬರುವುದಿಲ್ಲ. ರೇಬಿಸ್ ಬರುತ್ತದೆ, ಆದ್ದರಿಂದ ಅದರ ಲಸಿಕೆಯನ್ನು ತಪ್ಪಿಸಬಾರದು, ಬೆಕ್ಕು ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವಯಸ್ಸಾದ ಬೆಕ್ಕನ್ನು ಕಾಡುವ ದೀರ್ಘರೋಗಗಳಲ್ಲಿ ಮೂತ್ರಪಿಂಡದ ಸೋಲು ಎಲ್ಲಕ್ಕಿಂತ ಸಾಮಾನ್ಯ. ಮೂತ್ರಪಿಂಡದ ಸುಮಾರು ಮುಕ್ಕಾಲು ಪಾಲು ಕೆಲಸ ನಿಂತ ಮೇಲಷ್ಟೇ ರಕ್ತದ ಸಾಮಾನ್ಯ ಪರೀಕ್ಷೆಯಲ್ಲಿ ಏರುಪೇರು ಕಾಣುತ್ತದೆ. ಅದಕ್ಕೆ ಮೊದಲು ಬಾಯಾರಿಕೆ ಹೆಚ್ಚುತ್ತದೆ, ಆದರೆ ತೋಟದ ಬೆಕ್ಕು ಮದಕದ ಕೆರೆಯಲ್ಲೋ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬೀಳುವ ತೊಟ್ಟಿಯಲ್ಲೋ ಕುಡಿದು ಬರುವುದರಿಂದ ಅದು ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ಸಿಗುವುದು ತೂಕ. ಕರಿಮೆಣಸು ತೂಗುವ ತಕ್ಕಡಿಯಲ್ಲಿ ಬುಟ್ಟಿಯಿಟ್ಟು ತಿಂಗಳಿಗೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ 4 ಕಿಲೋದಿಂದ 3.6 ಕಿಲೋಗೆ ಇಳಿದದ್ದು ಕಣ್ಣಿಗೆ ಬೀಳುತ್ತದೆ. ಅದು ದೇಹದ ಹತ್ತನೇ ಒಂದು ಪಾಲು. ಸೋತ ಮೂತ್ರಪಿಂಡ ಗುಣವಾಗುವುದಿಲ್ಲ, ಆದರೆ ನೀರಿನಂಶ ಹೆಚ್ಚಿರುವ, ರಂಜಕ ಕಡಿಮೆಯಿರುವ ಆಹಾರ, ಅಲ್ಲಲ್ಲಿ ಇಟ್ಟ ನೀರಿನ ಬಟ್ಟಲು, ಅಗತ್ಯವಿದ್ದರೆ ಚರ್ಮದಡಿಗೆ ಕೊಡುವ ದ್ರವ, ಇವುಗಳಿಂದ ಬೆಕ್ಕು ಹಲವು ಕಾಲ ಚೆನ್ನಾಗಿ ಇರಬಲ್ಲದು.

ಹೊರಗೆ ತಿರುಗುವ ಬೆಕ್ಕಿಗೆ ದಿನವೂ ಮದ್ದು ಕೊಡುವುದು ಹೇಗೆ ಎಂಬುದೇ ದೊಡ್ಡ ತೊಡಕು. ಇದಕ್ಕೆ ನಾನು ಕಂಡಂತೆ ಹೊತ್ತಿಗೆ ಸರಿಯಾದ ಊಟವೇ ದಾರಿ: ಬಟ್ಟಲನ್ನು ಇಡೀ ದಿನ ತುಂಬಿಡದೆ, ಬೆಳಗ್ಗೆ ಮತ್ತು ಮುಸ್ಸಂಜೆ ಒಂದೇ ಸದ್ದು ಮಾಡಿ ಕರೆದು, ಸಂಜೆಯ ಊಟವನ್ನು ಒಳಗೆ ಕೊಟ್ಟು ರಾತ್ರಿ ಬಾಗಿಲು ಹಾಕುವುದು. ಕಾದಾಟ ಹೆಚ್ಚಾಗಿ ನಡೆಯುವುದು ರಾತ್ರಿಯಾದ್ದರಿಂದ ಈ ಒಂದು ಕ್ರಮದಿಂದ ಗಾಯಗಳೂ ತಗ್ಗುತ್ತವೆ. ವರ್ಷಗಟ್ಟಲೆ ತೋಟದಲ್ಲಿ ಬೆಳೆದ ಬೆಕ್ಕನ್ನು ಕಾಯಿಲೆಯೆಂದು ಹಠಾತ್ತನೆ ಕೋಣೆಯಲ್ಲಿ ಕೂಡಿಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ಒತ್ತಡವೇ ಊಟ ಬಿಡಿಸುತ್ತದೆ, ಊಟ ಬಿಟ್ಟ ಬೆಕ್ಕಿನ, ಅದರಲ್ಲೂ ದಪ್ಪಗಿನದರ, ಪಿತ್ತಜನಕಾಂಗದಲ್ಲಿ ಕೆಲವೇ ದಿನಗಳಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಮಾತ್ರೆ ನುಂಗಿಸಿದ ಮೇಲೆ ಸಿರಿಂಜಿನಲ್ಲಿ 5 ಮಿಲಿಲೀಟರ್‌ನಷ್ಟು ನೀರು ಕುಡಿಸಬೇಕು. ಶೀತಕ್ಕೆ ಕೊಡುವ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗಿ ನಾಳವೇ ಕಿರಿದಾಗುತ್ತದೆ.

ಮೃಗಾಸ್ಪತ್ರೆಗೆ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋದ ಬೆಕ್ಕಿನ ರಕ್ತದ ಸಕ್ಕರೆ ಹೆದರಿಕೆಯಿಂದಲೇ ಏರಿರುತ್ತದೆ, ಆ ಒಂದು ಅಂಕಿಯಿಂದ ಸಕ್ಕರೆ ಕಾಯಿಲೆ ಎಂದು ತೀರ್ಮಾನಿಸಲು ಬರುವುದಿಲ್ಲ. ಮುಚ್ಚಳವಿರುವ ಬುಟ್ಟಿಯನ್ನು ವಾರಗಳ ಮೊದಲೇ ತೆರೆದಿಟ್ಟು, ಅದರೊಳಗೆ ಮಲಗುವುದನ್ನು ರೂಢಿ ಮಾಡಿಸಬೇಕು. ಮನೆಯಲ್ಲಿ ನಿದ್ದೆ ಮಾಡುವಾಗಿನ ಉಸಿರನ್ನು ಎಣಿಸಿ ಬರೆದುಕೊಂಡು ಹೋದರೆ ವೈದ್ಯರಿಗೆ ಬಹಳ ಉಪಯೋಗ. ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ ಹೃದಯ ಅಥವಾ ಶ್ವಾಸಕೋಶವನ್ನು ಪರೀಕ್ಷಿಸಬೇಕು. ನೋವನ್ನು ಮುಖದಿಂದ ಅಳೆಯುವ ಕ್ರಮವೊಂದನ್ನು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ್ದಾರೆ. ಕಿವಿಗಳು ಹೊರಕ್ಕೆ ಹೊರಳಿರುವುದು, ಕಣ್ಣು ಕಿರಿದಾಗಿರುವುದು, ಮೂತಿ ಬಿಗಿದಿರುವುದು, ಮೀಸೆ ನೆಟ್ಟಗೆ ನಿಂತಿರುವುದು, ತಲೆ ಭುಜಕ್ಕಿಂತ ಕೆಳಗಿರುವುದು, ಈ ಐದಕ್ಕೆ ತಲಾ 0ಯಿಂದ 2ರವರೆಗೆ ಅಂಕ. ಮೊತ್ತ 10ರಲ್ಲಿ 4 ಅಥವಾ ಹೆಚ್ಚಾದರೆ ನೋವಿನ ಮದ್ದು ಬೇಕು, ಮತ್ತು ಆ ಮದ್ದು ವೈದ್ಯರಿಂದಲೇ ಬರಬೇಕು.