ಹೊಸ ಎಸ್‌ಪಿ ಬಂದರೆ ಠಾಣೆಯಲ್ಲಿ ಏನಾಗುತ್ತದೆ?

ಜಿಲ್ಲೆಗೆ ಹೊಸ ಎಸ್‌ಪಿ ಬಂದ ದಿನ ಪತ್ರಿಕೆಗೆ ಬೇಕಾದದ್ದು ಹೂಗುಚ್ಛದ ಫೋಟೊ. ಠಾಣೆಯವರು ಮಾಡುವುದೇ ಬೇರೆ. ಸಾಹೇಬರು ಹಿಂದೆ ಇದ್ದ ಜಿಲ್ಲೆಯಲ್ಲಿ ಪರಿಚಯದವರು ಯಾರಿದ್ದಾರೆ ಎಂದು ಹುಡುಕಿ ಫೋನ್ ಮಾಡುತ್ತಾರೆ. ‘ರಜೆ ಕೊಡ್ತಾರಾ? ಮೆಮೊ ಜಾಸ್ತಿನಾ?’ (ಮೆಮೊ ಅಂದರೆ ತಪ್ಪಿಗೆ ವಿವರಣೆ ಕೇಳುವ ನೋಟಿಸ್) ಕೇಳುವುದು ಇಷ್ಟೇ. ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದ ನಾನೂ ಇಂಥ ಫೋನ್‌ಗಳನ್ನು ಬೇಕಾದಷ್ಟು ಕೇಳಿಸಿಕೊಂಡಿದ್ದೇನೆ.

ಇದು ಸುಮ್ನೆ ಕುತೂಹಲವಲ್ಲ. ಸಿವಿಲ್ ಪಿಸಿ (ಕಾನ್‌ಸ್ಟೆಬಲ್), ಎಚ್‌ಸಿ (ಹೆಡ್ ಕಾನ್‌ಸ್ಟೆಬಲ್)ಗಳ ಸೀನಿಯಾರಿಟಿ ಜಿಲ್ಲಾ ಮಟ್ಟದ್ದು. ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದವರು ಹೆಚ್ಚಾಗಿ ಇದೇ ಜಿಲ್ಲೆಯಲ್ಲೇ ನಿವೃತ್ತರಾಗುತ್ತಾರೆ. ಎಸ್‌ಪಿಗಳು ಬರುತ್ತಾರೆ, ಹೋಗುತ್ತಾರೆ. ಎಸ್‌ಪಿಗೂ ಠಾಣಾಧಿಕಾರಿಗೂ ಕನಿಷ್ಠ 2 ವರ್ಷದ ಅವಧಿ ಕೊಡಿ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಎಲ್ಲರೂ ಅಷ್ಟು ದಿನ ಇರುವುದಿಲ್ಲ. ಆದರೆ ಕಾನ್‌ಸ್ಟೆಬಲ್‌ನ ವರ್ಗಾವಣೆ, ಶಿಕ್ಷೆ, ಬಹುಮಾನಕ್ಕೆಲ್ಲ ಎಸ್‌ಪಿಯದೇ ಸಹಿ.

ಮೊದಲು ಅಲ್ಲಾಡುವುದು ಓಓಡಿ. ಅಂದರೆ ಹೆಸರು ಒಂದು ಠಾಣೆಯಲ್ಲಿ, ಕೆಲಸ ಇನ್ನೊಂದು ಕಡೆ. ಆಗುಂಬೆಯ ಲೆಕ್ಕದಲ್ಲಿರುವವರು ಶಿವಮೊಗ್ಗದ ಯಾವುದೋ ಕಚೇರಿಯಲ್ಲಿ ಕೂತಿರುತ್ತಾರೆ. ಅವರ ಪಾಲಿನ ರಾತ್ರಿ ಗಸ್ತು ಉಳಿದವರ ತಲೆಗೆ. ‘ಎಲ್ಲ ಓಓಡಿ ರದ್ದು’ ಎಂಬ ಆದೇಶ ಬಂದರೆ ದೂರದ ಠಾಣೆಗಳಲ್ಲಿ ಹಬ್ಬ. ಅದರಲ್ಲೂ ಒಂದು ತೊಡಕಿದೆ. ಮನೆಯವರ ಡಯಾಲಿಸಿಸ್‌ಗೆಂದು ನಗರದಲ್ಲಿ ಉಳಿದವನೂ, ಶಿಫಾರಸು ಹಿಡಿದು ಉಳಿದವನೂ ಒಂದೇ ಆದೇಶದಲ್ಲಿ ಹೊರಡಬೇಕಾಗುತ್ತದೆ. ತಿಂಗಳೆರಡು ಕಳೆಯುವಷ್ಟರಲ್ಲಿ ಶಿಫಾರಸಿನವನು ವಾಪಸ್ ಬಂದಿರುತ್ತಾನೆ. ಇನ್ನೊಬ್ಬ ಅಲ್ಲೇ. ಇದನ್ನು ಸಿಬ್ಬಂದಿ ಮರೆಯುವುದಿಲ್ಲ. ಮುಂದೆ ಸಾಹೇಬರು ಶಿಸ್ತಿನ ಬಗ್ಗೆ ಏನು ಹೇಳಿದರೂ ಪರೇಡ್ ಮೈದಾನದಲ್ಲಿ ‘ಎಸ್ ಸರ್’ ಅಷ್ಟೇ.

ವರ್ಗಾವಣೆಯ ಸಮಯವೂ ಮಲೆನಾಡಿನಲ್ಲಿ ಮುಖ್ಯ. ಜೂನ್ ದಾಟಿ ಆದೇಶ ಬಂದರೆ ಮಕ್ಕಳ ಶಾಲೆ ಶುರುವಾಗಿರುತ್ತದೆ. ಮಳೆಯಲ್ಲಿ ಹೊಸನಗರಕ್ಕೋ ಕಾರ್ಗಲ್‌ಗೋ ಸಾಮಾನು ಸಾಗಿಸುವ ಕಷ್ಟ ಬಯಲುಸೀಮೆಯಿಂದ ಬಂದ ಅಧಿಕಾರಿಗೆ ಫೈಲಿನಲ್ಲಿ ಕಾಣುವುದಿಲ್ಲ.

ಇನ್ನು ಅಂಕಿಗಳ ಹುಚ್ಚು. ಕೆಲವರು ಬಂದ ತಿಂಗಳೇ ಇಷ್ಟು ಪೆಟಿ ಕೇಸ್ (ಸಣ್ಣಪುಟ್ಟ ಕೇಸ್), ಇಷ್ಟು ದಂಡ ಎಂದು ಗುರಿ ಕೊಡುತ್ತಾರೆ. ಮೀಟಿಂಗ್‌ನಲ್ಲಿ ಡಿವೈಎಸ್‌ಪಿಗೆ ಬಿದ್ದ ಬೈಗುಳ ಸಂಜೆಯ ಹೊತ್ತಿಗೆ ಬೀಟ್‌ನವನ, ಅಂದರೆ ಊರಿನ ಗಸ್ತು ನೋಡುವ ಪಿಸಿಯ ಕಿವಿಗೆ ಮುಟ್ಟುತ್ತದೆ, ಇನ್ನಷ್ಟು ಖಾರವಾಗಿ. ಅವನು ಊರೊಳಗೆ ಹೋಗಿ ನಾಲ್ಕು ಮಾತಾಡುವುದು ಬಿಟ್ಟು, ಹೆಲ್ಮೆಟ್ ಇಲ್ಲದವರನ್ನು ಹಿಡಿಯಲು ಸರ್ಕಲ್‌ನಲ್ಲಿ ನಿಲ್ಲುತ್ತಾನೆ. ಅಂಕಿ ಏರುತ್ತದೆ, ಮಾಹಿತಿ ಬರುವುದು ನಿಲ್ಲುತ್ತದೆ. ನನ್ನ ಪ್ರಕಾರ ಹೊಸ ನಾಯಕತ್ವ ಮಾಡುವ ದೊಡ್ಡ ಹಾನಿ ಇದೇ.

ಶಿವಮೊಗ್ಗದಲ್ಲಿ ನಿಜವಾದ ಪರೀಕ್ಷೆ ಗಣಪತಿ ಮೆರವಣಿಗೆಯ ಬಂದೋಬಸ್ತ್. ಜಿಲ್ಲೆಯ ಠಾಣೆಗಳಿಂದ ಸಿಬ್ಬಂದಿ ಬರುತ್ತಾರೆ, ಹೊರಗಿನ ಪಡೆಯೂ ಇರುತ್ತದೆ. ಎಸ್‌ಪಿ ಎಲ್ಲಿ ನಿಂತಿದ್ದರು ಎಂಬುದು ಸುದ್ದಿಯಾಗುತ್ತದೆ. ಪಿಸಿಗಳು ನೋಡುವುದು ಊಟದ ಪೊಟ್ಟಣ ಎಷ್ಟು ಹೊತ್ತಿಗೆ ಬಂತು, ಮಹಿಳಾ ಸಿಬ್ಬಂದಿಗೆ ಶೌಚಾಲಯ ಹತ್ತಿರದಲ್ಲಿತ್ತಾ, ಮಲಗಲು ಯಾವ ಶಾಲೆ ಕೊಟ್ಟರು ಎಂಬುದನ್ನು. ಇದನ್ನೆಲ್ಲ ನಾಲ್ಕು ದಿನ ಮೊದಲೇ ವಿಚಾರಿಸಿ, ಮುಗಿದ ಮೇಲೆ ಬಾಕಿ ವಾರದ ರಜೆ ಕೊಡಿಸಿದ ಎಸ್‌ಪಿ ಮಾರನೇ ತಿಂಗಳು ಎಷ್ಟೇ ಬೈದರೂ ಸಿಬ್ಬಂದಿ ಸಹಿಸಿಕೊಳ್ಳುತ್ತಾರೆ.